ಶೇಖರಣ್ಣನ ಕೂಗು

ದೇವರು ತನ್ನ ಗಂಡನಿಗೆ ಕೊಟ್ಟದ್ದು ಗಂಟಲೊಂದೇ ಎಂದು ಶಶಿಪ್ರಭಾ ಹೇಳುವುದಿತ್ತು. ಮೆಲ್ಕಾರಿನ ಶೇಖರ ಶೆಟ್ಟರು, ಅಂದರೆ ಊರಿಗೆಲ್ಲ ಶೇಖರಣ್ಣ, ನೋಡಲಿಕ್ಕೆ ಕುಳ್ಳು, ಮೈಯಲ್ಲಿ ಮಾಂಸವೂ ಕಡಿಮೆ. ಆದರೆ ತಮ್ಮ ಹೋಟೆಲಿನ ಗಲ್ಲೆಯಲ್ಲಿ ಕೂತು "ಎರಡು ಬನ್ಸ್, ಒಂದು ಚಾ" ಎಂದು ಕೂಗಿದರೆ ಒಳಗಿನ ಅಡುಗೆಯವನಿಗೆ ಕೇಳುವುದಿರಲಿ, ಹೈವೇ ಆಚೆ ಬಸ್ಸಿಗೆ ಕಾದವರಿಗೂ ಹಸಿವಾಗುತ್ತಿತ್ತು.

ಆ ಗಂಟಲಿನಿಂದಲೇ ಅವರು ಹಗ್ಗಜಗ್ಗಾಟದ ತಂಡದ ಮ್ಯಾನೇಜರ್ ಆದದ್ದು. ಹಗ್ಗ ಎಳೆಯುವುದು ಬರೀ ತೋಳಿನ ಕೆಲಸ ಅಂತ ತಿಳಿದವರು ಒಮ್ಮೆ ಹಗ್ಗ ಹಿಡಿದು ನೋಡಬೇಕು. ಎಂಟು ಮಂದಿ ಹಿಂದಕ್ಕೆ ವಾಲಿ, ಹೆಚ್ಚುಕಡಿಮೆ ಮಲಗಿಯೇ ಇರುವಾಗ ಅವರಿಗೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ತಮ್ಮವರ ಕಾಲು ನೆಲಕ್ಕೆ ಕಚ್ಚಿದೆಯೇ, ಎದುರಿನವರು ದಣಿದರೇ, ಇದನ್ನೆಲ್ಲ ನೋಡುವವನು ಬದಿಯಲ್ಲಿ ನಿಂತ ಮ್ಯಾನೇಜರ್. ಅವನು ಕೂಗಿದಾಗ ಎಂಟು ಬೆನ್ನೂ ಒಟ್ಟಿಗೆ ಎಳೆಯಬೇಕು. ಶೇಖರಣ್ಣನ ಕೂಗು "ಓ..." ಎಂದು ಹೊಟ್ಟೆಯೊಳಗಿಂದ ಎದ್ದು, ಎಲ್ಲರ ಕಾಲೂ ಊರುವ ತನಕ ಎಳೆದು ಎಳೆದು, ಕೊನೆಗೆ "ಹೊಯ್!" ಎಂದು ತುಂಡಾಗುತ್ತಿತ್ತು. ಆ "ಹೊಯ್"ಗೆ ಜಿಲ್ಲೆಯ ಕಪ್ ಎಷ್ಟು ಸಲ ಮೆಲ್ಕಾರಿಗೆ ಬಂದಿದೆ ಎಂದರೆ, ಹೋಟೆಲಿನ ಕಪಾಟಿನಲ್ಲಿ ಬಿಸ್ಕತ್ತಿನ ಭರಣಿ ಇಡಲು ಜಾಗವಿಲ್ಲ ಎಂದು ಶಶಿಪ್ರಭಾ ಗೊಣಗುತ್ತಿದ್ದರು.

ಕಳೆದ ವರ್ಷ ಕುತ್ತಿಗೆಯ ಗಡ್ಡೆ ತೆಗೆಸಿದ ಮೇಲೆ ಆ ಸ್ವರ ಹೋಯಿತು. ಡಾಕ್ಟರು ಮೊದಲೇ ಹೇಳಿದ್ದರು, ಹೋಗಲೂಬಹುದು, ಬರಲೂಬಹುದು ಎಂದು. ಹೋದದ್ದು ಬರಲಿಲ್ಲ. ಬಾಯಿ ತೆರೆದರೆ ಬರೀ ಗಾಳಿ, ಪಿಸುಮಾತಿನಷ್ಟು. ಗಲ್ಲೆಯ ಮೇಲೆ ಒಂದು ಗಂಟೆ ಬಂತು. ಗಿರಾಕಿಗಳು "ಶೇಖರಣ್ಣ, ಹೋಟೆಲೋ ದೇವಸ್ಥಾನವೋ?" ಎಂದು ತಮಾಷೆ ಮಾಡಿದರು. ಅವರೂ ನಕ್ಕರು. ಆದರೆ ಹೋಟೆಲಿಗೆ ಗಂಟೆ ಸಾಕು, ಹಗ್ಗಕ್ಕೆ ಸಾಲದು. ಕೂಗಿಲ್ಲದ ತಾನು ಆ ಹುಡುಗರಿಗೆ ಯಾರು ಎಂಬ ಪ್ರಶ್ನೆ ಅವರನ್ನು ಒಳಗಿಂದ ತಿನ್ನುತ್ತಿತ್ತು.

ಬೇರೆಯವರಿಂದ ಕೂಗಿಸಿ ನೋಡಿದರು. ತಂಡದ ತರುಣ್ ಕೂಗಿದರೆ ಕಂಡಕ್ಟರ್ "ರೈಟ್ ರೈಟ್" ಎಂದ ಹಾಗಾಗಿ ಹಗ್ಗ ಹಿಡಿದವರು ನಕ್ಕುಬಿಟ್ಟರು. ಕೊನೆಗೆ ಶೇಖರಣ್ಣ ಹೋಟೆಲಿನ ಸ್ಟೀಲ್ ತಟ್ಟೆ ಮತ್ತು ಸೌಟು ತಂದರು. ಹಗ್ಗವನ್ನು ಹಿತ್ತಿಲ ತೆಂಗಿನ ಮರಕ್ಕೆ ಕಟ್ಟಿ, ತಟ್ಟೆಯ ಸದ್ದಿಗೆ ಎಳೆಯುವುದನ್ನು ಮಳೆಗಾಲವಿಡೀ ಅಭ್ಯಾಸ ಮಾಡಿಸಿದರು. ಹಗ್ಗದ ಕೊನೆಯಲ್ಲಿ ಸೊಂಟಕ್ಕೆ ಸುತ್ತಿ ನಿಲ್ಲುವ ಗುರುವಪ್ಪ, "ಇದೂ ಆಗ್ತದೆ ಅಣ್ಣ, ನೀವು ಹೆದರ್ಬೇಡಿ" ಎಂದ.

ಮೂಡುಬಿದಿರೆಯ ಪಂದ್ಯಾಟದಲ್ಲಿ ಸೆಮಿಫೈನಲ್ ತನಕ ಆಯಿತು ಕೂಡ. ಅಲ್ಲಿ ಸೋತ ತಂಡದವರು ತಟ್ಟೆಯ ಮೇಲೆ ತಕರಾರು ತೆಗೆದರು. ತೀರ್ಪುಗಾರರು ತಲೆ ಕೆರೆದುಕೊಂಡು, "ಶೆಟ್ರೇ, ಬಾಯಿಯಿಂದ ಎಷ್ಟು ಬೇಕಾದ್ರೂ ಕೂಗಿ. ತಟ್ಟೆ ಬೇಡ" ಎಂದುಬಿಟ್ಟರು. ಬಾಯಿಯಿದ್ದರೆ ತಟ್ಟೆ ಯಾಕೆ ತರುತ್ತಿದ್ದೆ ಎಂದು ಕೇಳುವುದಕ್ಕೂ ಶೇಖರಣ್ಣನಿಗೆ ಬಾಯಿರಲಿಲ್ಲ.

ಫೈನಲಿಗೆ ಎದುರಾದದ್ದು ಗುರುವಾಯನಕೆರೆ. ಅದರ ಮ್ಯಾನೇಜರ್ ನೋಣಯ್ಯ. ಗುರುವಪ್ಪನಿಗಿಂತ ಮೊದಲು ಮೆಲ್ಕಾರಿನ ಹಗ್ಗದ ಕೊನೆಯಲ್ಲಿ ನಿಲ್ಲುತ್ತಿದ್ದವನು ಇವನೇ. ಮದುವೆಯಾದ ಮೇಲೆ ಹೆಂಡತಿಯ ಊರಿಗೆ ಹೋಗಿ ರಿಕ್ಷಾ ಓಡಿಸುತ್ತಿದ್ದಾನೆ. ಮೂರರಲ್ಲಿ ಎರಡು ಎಳೆತ ಗೆದ್ದವರಿಗೆ ಕಪ್.

ಮೊದಲ ಎಳೆತದಲ್ಲಿ ನೋಣಯ್ಯ "ಒಂದು, ಎರಡು" ಎಂದು ಶಾಲೆಯ ಡ್ರಿಲ್ ಮೇಷ್ಟ್ರ ಹಾಗೆ ಎಣಿಸಿದ. ಕೂಗಿಲ್ಲದಿದ್ದರೂ ಮೆಲ್ಕಾರಿನವರು ಬರೀ ತೋಳಿನ ಬಲದಲ್ಲಿ ಎಳೆದು ಗೆದ್ದರು. ಶೇಖರಣ್ಣನಿಗೆ ಗೆದ್ದ ಸಂತೋಷಕ್ಕಿಂತ, ತನ್ನ ಕೈಕೆಳಗೆ ಕಲಿತವನು ಇಷ್ಟು ಕೆಟ್ಟದಾಗಿ ಕೂಗುತ್ತಾನಲ್ಲ ಎಂಬ ನಾಚಿಕೆಯೇ ಹೆಚ್ಚಾಯಿತು.

ನೋಣಯ್ಯ ಗೆರೆ ದಾಟಿ ಬಂದು, ಕೈ ಕಟ್ಟಿ ನಿಂತ.

"ಅಣ್ಣ, ನನಗೆ ಬರುವುದು ನಿಮ್ಮ ಕೂಗೊಂದೇ. ನಿಮ್ಮೆದುರು ಅದನ್ನು ಹಾಕುದು ಹೇಗೆ ಅಂತ ಬಿಟ್ಟೆ. ಈಗ ನಮ್ಮ ಹುಡುಗರು ಬೈತಾರೆ. ಹಾಕಲಾ? ನೀವು ಬೇಡ ಅಂದ್ರೆ ಹಾಕುದಿಲ್ಲ."

ಹೀಗೆ ಕೇಳಿದವನಿಗೆ ಬೇಡ ಎನ್ನುವುದು ಹೇಗೆ? ಅಲ್ಲದೆ, ನಾಚಿಕೆ ಬಿಟ್ಟು ಹೇಳಬೇಕೆಂದರೆ, ಆ ಕೂಗನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆ ಅವರಿಗೇ ಇತ್ತು. ಶೇಖರಣ್ಣ ತಲೆಯಾಡಿಸಿದರು.

ಎರಡನೇ ಎಳೆತಕ್ಕೆ ಆಚೆ ಬದಿಯಿಂದ "ಓ..." ಎದ್ದಿತು. ಅದೇ ಹೊಟ್ಟೆಯ ಸ್ವರ, ಅದೇ ಎಳೆತ. "ಹೊಯ್!" ಎಂದದ್ದೇ ತಡ, ಎರಡೂ ಬದಿಯ ಹದಿನಾರು ಮಂದಿ ಒಟ್ಟಿಗೆ ಎಳೆದರು. ಆದರೆ ನೋಣಯ್ಯ ನೋಡಿ ಕೂಗಿದ್ದು ತನ್ನವರ ಕಾಲನ್ನು. ಮೆಲ್ಕಾರಿನವರ ಕಾಲು ಇನ್ನೂ ಊರಿರಲಿಲ್ಲ. ಸಾಲಿಗೆ ಸಾಲೇ ಜಾರಿತು.

ಶೇಖರಣ್ಣ ಓಡಿಹೋಗಿ ಗುರುವಪ್ಪನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದರು. "ಅದು ನಾನಲ್ಲ. ಅದಕ್ಕೆ ಎಳೀಬೇಡಿ."

"ಗೊತ್ತುಂಟು ಅಣ್ಣ" ಎಂದ ಗುರುವಪ್ಪ ಏದುಸಿರು ಬಿಡುತ್ತಾ. "ಆದ್ರೆ ಮೈ ಕೇಳ್ಬೇಕಲ್ಲ? ಕಿವಿ ಮುಚ್ಚುವ ಅಂದ್ರೆ ಎರಡು ಕೈಯೂ ಹಗ್ಗದಲ್ಲಿ ಉಂಟು."

ಮೂರನೆಯದು. ಶೇಖರಣ್ಣ ಹೆಗಲ ಬೈರಾಸು ತೆಗೆದು ಬೀಸುತ್ತಾ ಸಾಲಿನುದ್ದಕ್ಕೂ ಓಡಿದರು. ಆಕಾಶ ನೋಡುವವರಿಗೆ ಬೈರಾಸು ಎಲ್ಲಿ ಕಾಣಬೇಕು? ಗುರುವಪ್ಪನ ಎಡಗಾಲು ಸಡಿಲ ಮಣ್ಣಿನ ಮೇಲಿರುವುದು ಅವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಈಗ ಬೇಡ, ಈಗ ಬೇಡ ಎಂದು ಕುತ್ತಿಗೆಯ ನರ ಉಬ್ಬುವಷ್ಟು ಕಿರುಚಿದರು. ಗಾಳಿ ಹೊರಗೆ ಬಂತು, ಅಷ್ಟೇ. ಆಚೆಯಿಂದ "ಓ..." ಎದ್ದು, ಎಳೆದು ಎಳೆದು, "ಹೊಯ್!" ಎಂದಿತು. ಎಂಟು ಮಂದಿ ಮಕ್ಕಳ ಹಾಗೆ ಮಾತು ಕೇಳಿದರು. ಗುರುವಪ್ಪನ ಎಡಗಾಲು ಜಾರಿತು, ಹಗ್ಗ ಗೆರೆ ದಾಟಿತು, ಮೈಕಿನವನು ಗುರುವಾಯನಕೆರೆಯ ಹೆಸರು ಹೇಳಿದ.

ಶೇಖರಣ್ಣ ಕೆಳಗೆ ನೋಡಿಕೊಂಡರು. ಬೈರಾಸು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹೊಟ್ಟೆಗೆ ಒತ್ತಿತ್ತು. ಚಪ್ಪಲಿಯ ಹಿಮ್ಮಡಿ ಮಣ್ಣಿನಲ್ಲಿ ಹೂತುಹೋಗಿತ್ತು. ಆ ಕೂಗಿಗೆ ಅವರೂ ಎಳೆದಿದ್ದರು.

ಚೆಂಡೆ, ಸಿಳ್ಳಿನ ನಡುವೆ ನೋಣಯ್ಯ ಓಡಿಬಂದು ಕಾಲಿಗೆ ಬಿದ್ದ. ಅವನನ್ನು ಎತ್ತಿ, ಕೂಗಿನ ಎಳೆತ ಚೆನ್ನಾಗಿತ್ತು, ಕೊನೆಯ "ಹೊಯ್" ಮಾತ್ರ ಸ್ವಲ್ಪ ಬೇಗವಾಯಿತು ಎಂದು ಹೇಳಬೇಕೆಂದು ಶೇಖರಣ್ಣನಿಗೆ ತುಂಬಾ ಅನಿಸಿತು. ಹೇಳಿದರು ಕೂಡ. ನೋಣಯ್ಯ ತನ್ನ ಕಿವಿಯನ್ನು ಅವರ ಬಾಯಿಯ ಹತ್ತಿರಕ್ಕೆ ತಂದ.

"ಏನಣ್ಣ? ಸ್ವಲ್ಪ ಗಟ್ಟಿ ಹೇಳಿ. ಈ ಗಲಾಟೆಯಲ್ಲಿ ಕೇಳುದಿಲ್ಲ."