ಬೆಳಕು ನುಂಗುವ ತಗಡು

ಹೋದ ವಾರ ರೊಟ್ಟಿ ಸುಡುವ ಹೊಸ ಕಬ್ಬಿಣದ ಹಂಚು ತಂದು, ಕುಸುಬಿ ಎಣ್ಣೆ ಸವರಿ ಒಲೆಯ ಮೇಲಿಟ್ಟಿದ್ದೆ. ಎಣ್ಣೆ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಅದರ ಹಿಂದೆಯೇ ಅತನೂರಿನ ಹೈಸ್ಕೂಲು, ಅಲ್ಲಿಯ ಸೈನ್ಸ್ ಮಾಸ್ತರರು...

ಎಂಬತ್ತರ ದಶಕ. ನಾನು ಗಣಿತ ಕಲಿಸಲು ಹೊಸದಾಗಿ ಸೇರಿದ್ದೆ. ಮೊದಲ ದಿನವೇ ಮಾಸ್ತರರು ನನ್ನ ಮುಂದೆ ಒಂದು ಕಟ್ಟು ಹಿಡಿದರು. ಕ್ಷೌರದಂಗಡಿಯಿಂದ ತಂದ ಹಳೆಯ ಬ್ಲೇಡುಗಳನ್ನು ಒತ್ತಿ ಬಿಗಿದ ಕಟ್ಟು.

"ಅಂಚಿನ ಕಡಿಂದ ನೋಡ್ರಿ ಟೀಚರ್ರ."

ಹೊಳೆಯುವ ಉಕ್ಕು ಕಾಣಲೇ ಇಲ್ಲ. ಹಾಳುಬಾವಿಯ ಬಾಯಂಥ ಕಪ್ಪು! ಬೆಚ್ಚಿ ಹಿಂದೆ ಸರಿದೆ.

"ಬಣ್ಣ ಹಚ್ಚಿಲ್ರಿ. ಸಂದಿಯೊಳಗ ಹೊಕ್ಕ ಬೆಳಕು ಬಡದಾಡಿ ಬಡದಾಡಿ ಅಲ್ಲೇ ಸಾಯ್ತದ. ಕೆಂಪು, ನೀಲಿ, ಯಾವುದೂ ಹೊರಗ ಬರಂಗಿಲ್ಲ" ಎಂದರು.

ಅದೇ ಉಪಾಯದಿಂದ ಅವರು ತೆಳ್ಳನೆಯ ಕಬ್ಬಿಣದ ತಗಡನ್ನು ಸಣ್ಣ ಸಣ್ಣ ನೆರಿಗೆಯಾಗಿ ಮಡಚಿ, ಚಿಮಣಿ ದೀಪದ ಮಸಿ ಹಿಡಿಸಿ, ಬಿಸಿಲಿನಲ್ಲೇ ಬೇಳೆ ಬೇಯಿಸುವ ಪೆಟ್ಟಿಗೆ ಮಾಡುತ್ತಿದ್ದರು. ಶಾಲೆಯ ಆಯಾ ಹೊಗೆಯಲ್ಲಿ ಕೆಮ್ಮುತ್ತ ಚಹಾ ಕಾಯಿಸುವುದನ್ನು ನೋಡಲಾರದೆ ಹಚ್ಚಿಕೊಂಡ ಕೆಲಸ. ನಾಲ್ಕು ತಿಂಗಳು ಹಿಡಿದಿತ್ತು.

ಪೆಟ್ಟಿಗೆ ನೋಡಲು ಶಾಲಾ ಇನ್‌ಸ್ಪೆಕ್ಟರು ಬರುವ ದಿನ ಮುಂಜಾನೆ ನೋಡಿದರೆ, ತಗಡು ಬೆಳ್ಳಿಯಂತೆ ಹೊಳೆಯುತ್ತಿತ್ತು! ಹೊಲಸಾಗಿದೆ ಎಂದು ಆಯಾ ಬೂದಿ ಹಾಕಿ ತಿಕ್ಕಿಬಿಟ್ಟಿದ್ದಳು. ಮಾಸ್ತರರು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತರು.

ಆಯಾ ಅಳತೊಡಗಿದಳು. "ಒಂದ್ ಕೈ ತಿಕ್ಕೂದ್ರಾಗ ಹೋಗೇಬಿಡ್ತರಿ ಸರ... ನಮ್ಮನಿ ಹಂಚಿನ ಕಪ್ಪು ಎಷ್ಟ್ ತಿಕ್ಕಿದ್ರೂ ಹೋಗಂಗಿಲ್ಲ."

ಮಾಸ್ತರರು ತಟ್ಟನೆ ತಲೆಯೆತ್ತಿದರು. "ಯಾಕ ಹೋಗಂಗಿಲ್ಲ?"

"ಎಣ್ಣಿ ಸವರಿ ಸುಡ್ತೇವಲ್ರಿ."

ಆಕೆಯ ಕೈಯಿಂದಲೇ ಮಸಿಗೆ ಕುಸುಬಿ ಎಣ್ಣೆ ಕಲಸಿಸಿ, ತೆಳ್ಳಗೆ ಸವರಿಸಿ, ಮೂರು ಸಲ ಸುಡಿಸಿದರು. ಮಧ್ಯಾಹ್ನ ಎರಡರ ಹೊತ್ತಿಗೆ ಪೆಟ್ಟಿಗೆಯಲ್ಲಿ ಬೇಳೆ ಬೆಂದಿತ್ತು. "ಒಲಿ ಇಲ್ದ ಬೆಂದಾವಲ್ರೀ!" ಎಂದು ಆಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಇನ್‌ಸ್ಪೆಕ್ಟರು ಬೆನ್ನು ತಟ್ಟಲು ಬಂದಾಗ ಮಾಸ್ತರರು ಪಕ್ಕಕ್ಕೆ ಸರಿದರು. "ಆ ಕಪ್ಪು ಈ ಆಯಾಬಾಯಿ ಮಾಡಿದ್ದು ನೋಡ್ರಿ. ನನಗ ಬಂದಿರ್ಲಿಲ್ಲ."

ಎರಡು ವರ್ಷದ ಮೇಲೆ ನನಗೆ ಆಳಂದಕ್ಕೆ ವರ್ಗವಾಯಿತು. ಪತ್ರ ಬರೆಯಬೇಕು ಅಂದುಕೊಳ್ಳುತ್ತಲೇ...

ಮೊನ್ನೆ ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಆ ಆಯಾ ಸಿಕ್ಕಳು, ಕೋಲೂರಿಕೊಂಡು. "ಮಾಸ್ತರರು ಹ್ಯಾಂಗದಾರ?" ಎಂದು ಕೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡಳು.

"ಸರ ಹೋಗಿ ಹನ್ನೆರಡ್ ವರ್ಷ ಆತ್ರೀ... ನಿಮಗ ಯಾರೂ ಹೇಳ್ಲಿಲ್ಲೇನ್ರಿ?"

ನನ್ನ ಬಸ್ಸು ಬಂದು, ನಿಂತು, ಹೋಯಿತು. ನಾನು ಹತ್ತಲಿಲ್ಲ. ಇಷ್ಟು ವರ್ಷವೂ ನನ್ನ ಪಾಲಿಗೆ ಅವರು ಅತನೂರಿನಲ್ಲೇ ಇದ್ದರು.