ಸಂಜಿತನಕ ತುಂಬೇ ಇದ್ದ ಹರವಿ

ಮೊಮ್ಮಗಳು ಅಶ್ವಿನಿ ಬೀದರದಾಗ ಒಂದು ಬಟ್ಟಿ ಅಂಗಡಿಗಿ ಕೆಲಸಕ್ಕ ಹೋಗ್ತಾಳ. ದಿನಾ ಸಂಜಿಗಿ ಬಂದಾಕಿ ಚೀಲದಾಗಿನ ನೀರಿನ ಬಾಟಲಿ ತೆಗೆದು ಅಡಿಗಿ ಮನಿ ಕಟ್ಟಿ ಮ್ಯಾಲ ಇಡ್ತಾಳ. ನೀಲಿ ಬಣ್ಣದ ದೊಡ್ಡ ಬಾಟಲಿ. ಅದರ ಮೈಮ್ಯಾಲ ಗೆರಿ ಹಾಕ್ಯಾರ, ಗೆರಿ ಬಾಜೂಕ ಹೊತ್ತು ಬರ್ದಾರ. ಎಂಟಕ್ಕ ಇಷ್ಟು ಕುಡಿ, ಹತ್ತಕ್ಕ ಇಷ್ಟು ಕುಡಿ, ಸಂಜಿ ಆರಕ್ಕ ತಳ ಕಾಣಬೇಕು. ನೀರು ಕುಡಿಯೋದು ಬಾಟಲಿ ಹೇಳಿಕೊಡೋ ಕಾಲ ಬಂತಲ್ಲ ಅಂತ ಮೊದಲ ದಿನ ನಾನು ನಕ್ಕಿದ್ದೆ. ಮೊನ್ನೆ ತೊಳೀಲಾಕ ಅಂತ ಕೈಯಾಗ ಹಿಡಿದ್ರ ಭಾರ ಇತ್ತು. ಮುಚ್ಚಳ ತೆಗೆದು ನೋಡಿದೆ. ಮುಂಜಾನಿ ಎಂಟರ ಗೆರಿಗಿಂತ ಒಂದು ಬೆರಳು ಕೆಳಗ ನೀರು. ನಮ್ಮ ಚಿದ್ರಿ ಓಣಿ ನಳದ ನೀರು ಊರೆಲ್ಲಾ ತಿರುಗಿ ಹಂಗೇ ಮನಿಗಿ ವಾಪಸ್ ಬಂದಿತ್ತು.

"ಯಾಕ ಕುಡಿದಿಲ್ಲ?" ಅಂದೆ.

"ರೂಢಿ ಆಗ್ಯದ ಬಿಡು ಆಯಿ. ನನಗ ನೀರಡಿಕಿನೇ ಆಗೋದಿಲ್ಲ," ಅಂದ್ಲು. ಹೇಳೋ ದನಿಯಾಗ ಸ್ವಲ್ಪ ಹೆಮ್ಮಿನೂ ಇತ್ತು.

ಆ ಹೆಮ್ಮಿ ನನಗ ಗುರ್ತು ಅದ. ಒಂದು ಕಾಲಕ್ಕ ಅದನ್ನ ಹತ್ತಾರು ಹೆಂಗಸರಿಗಿ ಕಲಿಸಿದಾಕಿ ನಾನೇ.

ಊರ ಹೊರಗ, ರೈಲು ಹಳಿ ದಾಟಿದ ಮ್ಯಾಲ ಒಂದು ದಾಲ್ ಮಿಲ್ಲಿತ್ತು. ಈಗ ಅಲ್ಲಿ ಮತ್ತೇನೋ ಆಗ್ಯದ. ಔರಾದ ಕಡಿಯಿಂದ, ಭಾಲ್ಕಿ ಕಡಿಯಿಂದ ಲಾರಿ ತುಂಬಿ ತೊಗರಿ ಬರೋದು. ಯಂತ್ರ ಅದರ ಸಿಪ್ಪಿ ಸುಲಿದು ಬ್ಯಾಳಿ ಮಾಡೋದು. ಬ್ಯಾಳಿಯಾಗಿನ ಹರಳು, ಕರಿ ಕಾಳು, ಒಡಕು ಆರಿಸಲಾಕ ನಾವು ಹನ್ನೆರಡು ಮಂದಿ ಹೆಂಗಸರು. ಮುಂಜಾನಿ ಹೋಗುವಾಗ ಎಲ್ಲರದೂ ಬ್ಯಾರೆ ಬ್ಯಾರೆ ಬಣ್ಣದ ಸೀರಿ, ಸಂಜಿಗಿ ಬರುವಾಗ ಎಲ್ಲರದೂ ಒಂದೇ ಬಣ್ಣ, ತೊಗರಿ ಹೊಟ್ಟಿನ ಬಣ್ಣ. ಹುಬ್ಬಿನ ಕೂದಲದಾಗ ಸುದ್ದಾ ಧೂಳು ಕೂಡೋದು. ಮನಿಗಿ ಹೋದ್ರ ನನ್ನ ಗಂಡ ಬ್ಯಾಳಿ ಸಾರು ಉಣ್ಣುವಾಗ, "ಇದರಾಗ ನಿನ್ನ ವಾಸನಿ ಬರ್ತದ," ಅಂತಿದ್ದ. ಪ್ರೀತಿಲೆ ಅಂದನೋ ಬ್ಯಾಸರಕಿಲೆ ಅಂದನೋ ನಾನು ಕೇಳ್ಲಾಕ ಹೋಗಿಲ್ಲ. ಸಾರಂತೂ ಉಳಿಸ್ತಿದ್ದಿಲ್ಲ.

ಮಿಲ್ಲಿನ ಸಾವ್ಕಾರ ಕೆಟ್ಟವನಲ್ಲ. ಇದನ್ನ ಮೊದಲೇ ಹೇಳಿಬಿಡ್ತೇನಿ, ಯಾಕಂದ್ರ ಇಂಥ ಮಾತು ಬಂದ್ರ ಸಾವ್ಕಾರಗ ಕೋರಿ ಮೀಸಿ ಹಚ್ಚಿ ಕೂಡಿಸೋದು ಮಂದಿಗಿ ಚಟ. ಇವನಿಗಿ ಮೀಸಿನೇ ಇದ್ದಿಲ್ಲ. ಯಂತ್ರದ ಪಟ್ಟಾ ತಿರುಗ್ತದಲ್ಲ, ಅದಕ್ಕ ಸೆರಗು ಸಿಕ್ಕು ಎಲ್ಲೋ ಬ್ಯಾರೆ ಊರಾಗ ಒಬ್ಬಾಕಿ ಕೈ ಹೋಯ್ತಂತ ಕೇಳಿ, ಯಾರೂ ಹೇಳದೇನೇ ಪಟ್ಟಾದ ಸುತ್ತ ಕಬ್ಬಿಣದ ಜಾಳಿಗಿ ಹಾಕಿಸಿದ. ನೆಲದ ಮ್ಯಾಲ ಹಳದಿ ಗೆರಿ ಹೊಡಿಸಿದ. ಗ್ವಾಡಿಗಿ 'ಸುರಕ್ಷತೆ ಮೊದಲು' ಅಂತ ಬೋರ್ಡ್ ಬರೆಸಿದ. ಧೂಳು ಗಂಟಲಾಗಿಂದ ಇಳೀಲಿ ಅಂತ ದಿನಾ ಮಧ್ಯಾಹ್ನ ಎಲ್ಲರಿಗೂ ಒಂದೊಂದು ಹಳಕು ಬೆಲ್ಲ ಹಂಚಿಸ್ತಿದ್ದ. ಬಾಗಿಲ ಹತ್ತಿರ ಒಂದು ದೊಡ್ಡ ಹರವಿ ಇಟ್ಟು ತಣ್ಣನ ನೀರು ತುಂಬಿಸ್ತಿದ್ದ. ಒಂದು ಮಾಡಿದ್ದಿಲ್ಲ. ಹೆಂಗಸರಿಗಿ ಸಂಡಾಸ ಇದ್ದಿಲ್ಲ. ಗಂಡಸರಿಗಿ ಹಿಂದಿನ ಗ್ವಾಡಿ ಇತ್ತು, ಗ್ವಾಡಿ ಇದ್ರ ಗಂಡಸಿಗಿ ಮತ್ತೇನು ಬೇಕು? ನಾವು ಹೋಗಬೇಕಂದ್ರ ಹಳಿ ದಾಟಿ ಜಾಲಿ ಕಂಟಿಗಿ ಹೋಗಬೇಕು. ಅಲ್ಲಿ ಹಾವು. ಹಾವಿನಕಿಂತ ಹೆಚ್ಚು, ಬೀಡಿ ಸೇದುತ ಕೂತ ಲಾರಿ ಡ್ರೈವರಗಳು.

ಅದಕ್ಕ ನಾವು ನೀರೇ ಕುಡೀತಿದ್ದಿಲ್ಲ. ಮುಂಜಾನಿ ಮನಿಯಾಗ ಒಂದು ಗುಟುಕು, ರೊಟ್ಟಿ ತಿಂದ ಮ್ಯಾಲ ಬಾಯಿ ತೊಯ್ಯುವಷ್ಟು. ಸಂಜಿಗಿ ನೋಡಿದ್ರ ಹರವಿ ತುಂಬೇ ಇರ್ತಿತ್ತು. ಬೆಲ್ಲ ತಿಂದು ನೀರು ಕುಡೀದೇ ಕೂಡೋದು ಹ್ಯಾಂಗಿರ್ತದ ಅಂತ ನಿಮಗ ತಿಳೀಬೇಕಂದ್ರ ಒಂದು ದಿನ ಮಾಡಿ ನೋಡ್ರಿ.

ನಾನು ನಾಕನೇ ಇಯತ್ತೆ ಕಲ್ತಾಕಿ. ಬೋರ್ಡಿನ ಅಕ್ಷರ ಕೂಡಿಸಿ ಓದಿ ಎಲ್ಲರಿಗೂ ಹೇಳಿದ್ದು ನಾನೇ, ಅದಕ್ಕ ಹೊಸಬರು ಬಂದ್ರ ನಮ್ಮ ಕೆಲಸದ ಮ್ಯಾಲ ನಿಗಾ ಇಡೋ ಮುಕಾದಮ ನನ್ನ ಕಡಿಗೇ ಕಳಿಸ್ತಿದ್ದ. ನಾನು ಮೂರು ಮಾತು ಹೇಳ್ತಿದ್ದೆ. ಸೆರಗು ಸೊಂಟಕ್ಕ ಸಿಗಿಸು. ಕೂದಲ ತುರುಬು ಕಟ್ಟು. ನೀರು ಕುಡಿಬ್ಯಾಡ. ಮೂರೂ ಒಂದೇ ಉಸಿರಿನಾಗ. ಮೂರೂ ಒಂದೇ ಜಾತಿ ಮಾತು, ಮೂರೂ ಜೀವ ಕಾಯ್ತಾವ ಅಂತ ನಾನು ತಿಳ್ಕೊಂಡಿದ್ದೆ.

ಖೈರುನ್‌ಬೀಗೂ ಹಂಗೇ ಹೇಳಿದೆ. ಆಕಿ ಭಾಲ್ಕಿ ಕಡಿಯಾಕಿ, ಗಂಡ ತೀರಿಕೊಂಡ ಮ್ಯಾಲ ಮೂರು ಹೆಣ್ಣು ಹುಡುಗ್ಯಾರನ್ನ ಕಟಗೊಂಡು ಬೀದರಕ್ಕ ಬಂದಿದ್ಲು. ಕೈ ಭಾಳ ಚುರುಕು. ಬಾಯಿ ಅದಕಿಂತ ಚುರುಕು. ಬಂದ ದಿನನೇ ನನಗ ಕೇಳಿದ್ಲು, "ಅಕ್ಕಾ, ನೀರು ಕುಡಿಬ್ಯಾಡ ಅಂತಿ, ಉಸಿರಾದ್ರೂ ಆಡಬಹುದೋ ಇಲ್ಲೋ?"

"ಧೂಳು ಅದ, ಅದನೂ ಕಮ್ಮಿ ಆಡು," ಅಂದಿದ್ದೆ.

ಅವತ್ತಿಂದ ದೋಸ್ತಿ ಆಯ್ತು. ಆಕಿ ನನ್ನ ಮಾತು ಎಷ್ಟು ಪಾಲಿಸಿದ್ಲಂದ್ರ, ಒಂದು ವರ್ಷದಾಗ ನನಗಿಂತ ಮುಂದ ಹೋದ್ಲು. ರೊಟ್ಟಿ ಮ್ಯಾಲಿನ ಗುಟುಕೂ ಬಿಟ್ಟಳು. "ಮರಳುಗಾಡಿನ ಒಂಟಿ ಆಗೀನಿ ನೋಡು," ಅಂತ ಹೆಮ್ಮಿಲೆ ಹೇಳೋದು. ನಾವೆಲ್ಲಾ ಶಭಾಷ್ ಅನ್ನೋದು. ನಡುವ ಆಕಿಗಿ ಉರಿ ಉಚ್ಚಿ ಆಗೋದು, ಸೊಂಟ ನೋಯೋದು, ಜ್ವರ ಬರೋದು. ಹೆಂಗಸಂದ ಮ್ಯಾಲ ಸೊಂಟ ಇರ್ತದ, ಸೊಂಟ ಅಂದ ಮ್ಯಾಲ ನೋವಿರ್ತದ ಅಂತ ಬಿಟ್ಟಿದ್ವಿ.

ಶಿವರಾತ್ರಿ ಆಗಿ ಬಿಸಿಲೇರಿತ್ತು. ತೊಗರಿ ಲಾರಿ ಸಾಲು ಹಚ್ಚಿ ಬರೋ ದಿನ. ಬುಟ್ಟಿ ಎತ್ತಿಕೊಂಡು ಪಟ್ಟಾದ ಬಾಜೂಲೆ ಹೊಂಟಿದ್ದ ಖೈರುನ್ ನಿಂತಲ್ಲೇ ಕಣ್ಣು ತಿರುಗಿಸಿ ಬಿದ್ದಳು. ಬಿದ್ದದ್ದು ಜಾಳಿಗಿ ಮ್ಯಾಲ. ಜಾಳಿಗಿ ಇದ್ದಿಲ್ಲಂದ್ರ ಭುಜದ ತನಕ ಕೈ ಹೋಗ್ತಿತ್ತು. ಮಿಲ್ಲಿನವರೆಲ್ಲಾ ಜಾಳಿಗಿನ ಹೊಗಳಿದ್ರು. ಸಾವ್ಕಾರ ಕಣ್ಣಾಗ ನೀರು ತಂದು, "ದೇವರು ಬುದ್ಧಿ ಕೊಟ್ಟ, ಹಾಕ್ಸಿದ್ದೆ," ಅಂದ. ಖರೇನೂ ಇತ್ತು.

ದವಾಖಾನಿಯಾಗ ಲೇಡಿ ಡಾಕ್ಟರ್ ಜಾಳಿಗಿ ಸುದ್ದಿ ಕೇಳಲೇ ಇಲ್ಲ. "ದಿನಕ್ಕ ಎಷ್ಟು ನೀರು ಕುಡೀತಾಳ?" ಅಂತ ಕೇಳಿದ್ಲು. ಎರಡೂ ಕಿಡ್ನಿಯಾಗ ಹರಳು ಕಟ್ಟ್ಯಾವ, ಒಂದಂತೂ ಭಾಳ ಕೆಟ್ಟದ ಅಂದ್ಲು. ಇನ್ನ ಮ್ಯಾಲ ನೀರು ಕುಡೀಲಾಕ ಆಗದ ಜಾಗಕ್ಕ ಕೆಲಸಕ್ಕ ಹೋದ್ರ ಈಕಿ ಉಳಿಯೋದಿಲ್ಲ ಅಂತನೂ ಅಂದ್ಲು. ದಿನಾ ಬ್ಯಾಳಿಯಾಗಿಂದ ಹರಳು ಆರಿಸಿ ತೆಗಿಯೋ ಹೆಂಗಸಿನ ಹೊಟ್ಟಿಯಾಗೇ ಹರಳು.

ಖಾಟದ ಬಾಜೂಕ ಕೂತು ಹೇಳಿದೆ, "ಕುಡಿಬ್ಯಾಡ ಅಂದಾಕಿ ನಾನೇ."

ಖೈರುನ್ ಚತ್ತು ನೋಡುತ ಮಲಗಿದ್ಲು. "ಸೆರಗು ಸಿಗಿಸು ಅಂದಿ, ಸಿಗಿಸಿದೆ. ತುರುಬು ಕಟ್ಟು ಅಂದಿ, ಕಟ್ಟಿದೆ," ಅಂದ್ಲು. ಮೂರನೇದು ಹೇಳಲಿಲ್ಲ. ಆಮ್ಯಾಲ, "ಹುಡುಗ್ಯಾರು ಏನು ತಿಂತಾವ ಅಕ್ಕಾ, ನಾ ಕೆಲಸಕ್ಕ ಹೋಗ್ಲಿಲ್ಲಂದ್ರ?" ಅಂದ್ಲು.

ಬೈದಿದ್ರ ಹಗುರ ಆಗ್ತಿದ್ದೆ. ಬೈಲಿಲ್ಲ.

ಮರುದಿನ ನಾನು ಸಾವ್ಕಾರನ ಮುಂದ ಹೋಗಿ ನಿಂತೆ. "ಹೆಂಗಸರಿಗಿ ಒಂದು ಸಂಡಾಸ ಕಟ್ಟಿಸ್ರಿ ಸಾವ್ಕಾರ್ರೇ. ಇಲ್ಲಂದ್ರ ಖೈರುನ್ ವಾಪಸ್ ಬರೋ ಹಂಗಿಲ್ಲ."

ಅವ ಸಿಟ್ಟಾಗಲಿಲ್ಲ. ಖರೇನೇ ತಿಳೀದೆ ಕೇಳಿದ, "ಅಲ್ಲಬೇ, ಹರವಿ ಇಟ್ಟೀನಿ. ಸಂಜಿಗಿ ನೋಡಿದ್ರ ತುಂಬೇ ಇರ್ತದ. ನೀವು ನೀರೇ ಕುಡಿಯೋದಿಲ್ಲ. ನೀರು ಕುಡಿಯದವರಿಗಿ ಸಂಡಾಸ ಯಾಕ ಬೇಕು?"

ವಾಪಸ್ ಬಂದು ಬ್ಯಾಳಿ ಮುಂದ ಕೂತೆ. ಆರಿಸುತ ಆರಿಸುತ ಅವನ ಮಾತೇ ತಿರುವಿ ತಿರುವಿ ನೋಡಿದೆ. ಅವನು ಹೇಳಿದ್ದರಾಗ ತಪ್ಪೇನದ? ತಪ್ಪು ಹರವಿಯಾಗ ಅದ. ಅದು ತುಂಬೇ ಅದ.

ಎರಡು ದಿನ ಬಿಟ್ಟು ಒಂದೇ ಸಲ ಐದು ಲಾರಿ ಬಂದು ನಿಂತ್ವು. ಇಂಥ ದಿನಕ್ಕೇ ಕಾದಿದ್ದೆ. ಅವತ್ತು ಮುಂಜಾನಿ ನಾನು ಹೋಗಿ ಹರವಿಯಾಗ ತಂಬಗಿ ಮುಳುಗಿಸಿದೆ. ಉಳಿದವರು ನೋಡುತ ನಿಂತಿದ್ರು. ಮೊದಲನೇ ತಂಬಗಿ ಗಂಟಲಾಗ ಇಳೀಲೇ ಇಲ್ಲ. ಹೊರಗ ಉಗುಳೋ ಹಂಗಾಯ್ತು. ಅಷ್ಟು ವರ್ಷ ಮುಚ್ಚಿದ ಬಾಗಿಲು ಸುಮ್ಮ ತೆರಿತದೇನು? ಕಣ್ಣು ಮುಚ್ಚಿ ಔಷಧ ಕುಡಿದಂಗ ಕುಡಿದೆ. ನನ್ನ ಹಿಂದ ಒಬ್ಬಾಕಿ ಕುಡಿದ್ಲು, ಆಕಿ ಹಿಂದ ಇನ್ನೊಬ್ಬಾಕಿ. ಹನ್ನೊಂದೂ ಮಂದಿ ಕುಡಿದ್ವಿ.

ತಾಸೊತ್ತಿಗಿ ಎಲ್ಲರೂ ಎದ್ವಿ. "ಎಲ್ಲಿ ಹೊಂಟೀರಿ?" ಅಂದ ಮುಕಾದಮ.

"ಉಚ್ಚಿಗಿ," ಅಂದೆ.

"ಎಲ್ಲರೂ ಕೂಡೇನಾ?"

"ಒಬ್ಬೊಬ್ಬರೇ ಹೋದ್ರ ಅಂಜಿಕಿ ಅದರಿ. ಸುರಕ್ಷತೆ ಮೊದಲು ಅಂತ ಗ್ವಾಡಿಗಿ ಬರ್ದಾರಲ್ಲ."

ಹಳಿ ದಾಟಿ ಹೋದ್ವಿ. ಅವಸರ ಮಾಡಲಿಲ್ಲ. ಹನ್ನೊಂದು ಹೆಂಗಸರು ಒಮ್ಮೆಲೆ ಬರೋದು ನೋಡಿ ಡ್ರೈವರಗಳೇ ಬೀಡಿ ಬಿಸಾಕಿ ಎದ್ದು ಹೋದ್ರು. ವಾಪಸ್ ಬಂದ್ವಿ, ಮತ್ತ ಕುಡಿದ್ವಿ, ಮತ್ತ ಹೋದ್ವಿ. ಯಂತ್ರದ ಕಡಿಯಿಂದ ಬ್ಯಾಳಿ ಬಂದು ಬಂದು ಗುಡ್ಡಿ ಬಿತ್ತು, ಆರಿಸೋರಿಲ್ಲ. ಮಧ್ಯಾಹ್ನಕ್ಕ ಹರವಿ ತಳ ಕಂಡಿತು, ಆ ಮಿಲ್ಲಿನಾಗ ಮೊದಲ ಸಲ. ಮುಕಾದಮನೇ ಕೊಡ ಹೊತ್ತು ತುಂಬಿಸಿದ. ತುಂಬಿಸಬ್ಯಾಡ ಅನ್ನಲಾಕ ಯಾರಿಗಿ ಬಾಯಿ ಬರ್ತದ? ಕೆಲಸ ಬಿಟ್ಟು ಕೂತಾರ ಅನ್ನೋ ಹಂಗೂ ಇಲ್ಲ.

ಎರಡನೇ ದಿನ ಸಂಜಿಗಿ ಸಾವ್ಕಾರ ಬಂದು ಖಾಲಿ ಹರವಿಯಾಗ ಬಗ್ಗಿ ನೋಡಿದ. ಎಷ್ಟೋ ಹೊತ್ತು ಬಗ್ಗೇ ನಿಂತಿದ್ದ. ನಾಕನೇ ದಿನ ಇಟ್ಟಂಗಿ ಬಂದ್ವು.

ಸಂಡಾಸ ಅಂಥದ್ದೇನಲ್ಲ ಬಿಡ್ರಿ. ಬಾಗಿಲು ಬರೋದು ತಡ ಆಯ್ತು, ಅಲ್ಲಿತನಕ ತೊಗರಿ ಚೀಲ ಹರಿದು ಪರದೆ ಕಟ್ಟಿದ್ವಿ. ಖೈರುನ್ ಎರಡು ತಿಂಗಳ ಮ್ಯಾಲ ಬಂದ್ಲು. ಒಳಗ ಹೋದಾಕಿಗಿ ಚೀಲ ಹಿಡಿದು ಹೊರಗ ನಿಂತಾಕಿ ನಾನು.

"ಆಯ್ತೇನು?" ಅಂದೆ.

"ನಕ್ಕೋ ಅಕ್ಕಾ, ಅವಸರ ಮಾಡಬ್ಯಾಡ," ಅಂತ ಒಳಗಿಂದ ದನಿ ಬಂತು. "ಇಷ್ಟು ವರ್ಷದ ಬಾಕಿ ಅದ."

ಮುಂದ ಆಕಿ ಅಲ್ಲೇ ದುಡಿದು ಮೂರೂ ಹುಡುಗ್ಯಾರ ಮದಿವಿ ಮಾಡಿದ್ಲು. ಕೆಟ್ಟ ಕಿಡ್ನಿ ಕೆಟ್ಟೇ ಹೋಯ್ತು, ಅದನ್ನ ಯಾವ ಸಂಡಾಸನೂ ವಾಪಸ್ ತರಲಿಲ್ಲ. ಈಗ ಭಾಲ್ಕಿಯಾಗ ದೊಡ್ಡ ಮಗಳ ಮನಿಯಾಗ ಇದ್ದಾಳ, ಒಂದರ ಮ್ಯಾಲೇ ನಡ್ದದ. ನನಗ ಇನ್ನೂ ಬೈದಿಲ್ಲ.

ಇಷ್ಟೂ ಅಶ್ವಿನಿಗಿ ಮೊನ್ನೆ ಹೇಳಿದೆ. ಹಿಂದ ಎಂದೂ ಹೇಳಿದ್ದಿಲ್ಲ. ಉಚ್ಚಿ ಸುದ್ದಿ ಯಾರು ಕತಿ ಮಾಡಿ ಹೇಳ್ತಾರ? ಕೇಳಿ ಕೇಳಿ ಆಕಿ ಮಾರಿ ಸಣ್ಣದಾಯ್ತು.

"ನಮ್ಮ ಅಂಗಡಿಯಾಗ ಮೂಲಿ ಮೂಲಿಗಿ ಬೆಂಕಿ ಆರಿಸೋ ಕೆಂಪು ಡಬ್ಬಿ ಹಾಕ್ಯಾರ ಆಯಿ. ಅದನ್ನ ಹ್ಯಾಂಗ ಒತ್ತಬೇಕಂತ ನಮಗ ಕಲಿಸ್ಯಾರ ಸುದ್ದಾ," ಅಂದ್ಲು. "ಮ್ಯಾಲಿನ ಮಾಳಿಗಿಯಾಗ ಗಿರಾಕಿಗಳಿಗಿ ಟಾಯ್ಲೆಟ್ ಅದ. ಕೆಲಸದವರು ಹೋಗಂಗಿಲ್ಲ. ನಾವು ರಸ್ತಾ ದಾಟಿ ಎದರಿನ ಕಾಂಪ್ಲೆಕ್ಸಿಗಿ ಹೋಗಬೇಕು. ಹೋಗಿ ಬರೋತನಕ ಮ್ಯಾನೇಜರ್ ಗಡಿಯಾರ ನೋಡ್ತಾನ." ಆಮ್ಯಾಲ ಹೇಳಿದ್ಲು, "ಹೋದ ವಾರ ಒಂದು ಹೊಸ ಹುಡುಗಿ ಬಂದಾಳ, ಕಮಠಾಣದಾಕಿ. ನೀರು ಕಮ್ಮಿ ಕುಡಿ ಅಂತ ಆಕಿಗಿ ನಾನೇ ಹೇಳೀನಿ."

ಆಕಿಗಿ ಬೈಯೋ ಹಕ್ಕು ನನಗೆಲ್ಲಿ ಅದ? ಆದ್ರ ಆಕಿ ನನ್ನ ಮೊಮ್ಮಗಳು, ಬಾಯಿ ಸುಮ್ಮ ಇರೋದಿಲ್ಲ. ನನ್ನ ಖಾಟದ ಕೆಳಗಿನ ತಂಬಗಿ ಎಳೆದು ನನ್ನ ಮುಂದಿಟ್ಟಳು. "ಇದು ಮುಂಜಾನಿ ನಾನೇ ತುಂಬಿಟ್ಟು ಹೋದದ್ದು. ನೋಡು. ಮನಿಯಾಗೇ ಸಂಡಾಸ ಅದ, ಹತ್ತು ಹೆಜ್ಜಿ ಇಲ್ಲ. ನಿನಗ್ಯಾವ ಮುಕಾದಮ ಹಿಡಿದಾನ?"

ತಂಬಗಿ ತುಂಬೇ ಇತ್ತು. ಮಿಲ್ಲು ಬಿಟ್ಟು ಎಷ್ಟು ವರ್ಷ ಆಯ್ತು. ನನ್ನ ಗಂಟಲು ಇನ್ನೂ ಅಲ್ಲೇ ಕೆಲಸಕ್ಕ ಹೋಗ್ತದ ಅಂತ ನನಗ ಗೊತ್ತೇ ಇದ್ದಿಲ್ಲ. ಆಕಿ ಮುಂದೇ ಎತ್ತಿ ಕುಡಿದೆ. ಅರ್ಧಕ್ಕ ನಿಲ್ಲಿಸಿದ್ರ, "ತಳ ಕಾಣಬೇಕು," ಅಂದ್ಲು. ಕಾಣಿಸಿದೆ.

ನಿನ್ನೆ ರಾತ್ರಿ ಉಣ್ಣುವಾಗ ಆಕಿ ತಾನೇ ಮಾತು ತೆಗೆದ್ಲು. ಅಂಗಡಿಯಾಗ ಒಂಬತ್ತು ಮಂದಿ ಹುಡುಗ್ಯಾರು ಅದೀವಿ, ಕೂಡೇ ನೀರು ಕುಡಿದು ಕೂಡೇ ಎದ್ದು ಹೋಗೋಣಂತ ಎಲ್ಲರಿಗೂ ಹೇಳೀನಿ, ಎಲ್ಲರೂ ಹೂಂ ಅಂದಾರ ಅಂದ್ಲು. "ಆದ್ರ ಸೋಮವಾರ ಬ್ಯಾಡ ಅಂತಾರ ಆಯಿ. ಸೋಮವಾರ ಮದಿವಿ ಗಿರಾಕಿ ಭಾಳ ಬರ್ತಾರ, ನಿಂತ ಜಾಗ ಬಿಡ್ಲಾಕ ಆಗೋದಿಲ್ಲ. ಮ್ಯಾನೇಜರ್ ಹೈರಾಣ ಆಗ್ತಾನ."

ನಾನು ರೊಟ್ಟಿ ಮುರಿಯೋದು ನಿಲ್ಲಿಸಿ ಆಕಿ ಮಾರಿ ನೋಡಿದೆ. ಕಲ್ತಾಳ, ಕಾಲೇಜು ಮುಗಿಸ್ಯಾಳ. ಆದ್ರೂ ಇದೊಂದು ನಾನೇ ಹೇಳಬೇಕಾಯ್ತು.

"ಸೋಮವಾರನೇ ಕುಡೀರಿ," ಅಂದೆ.