ತಿರುಗದ ಮೀಟರು

ಅತ್ತಾವರದ ಬಾಡಿಗೆ ಕೋಣೆಯಲ್ಲಿ ಕೂತು ನಾನು ರವಿಕೆ ಹೊಲಿಯುತ್ತಿದ್ದೆ. ಮೆಷಿನ್ ಕಾಲಲ್ಲಿ ತುಳಿಯುವಂಥದ್ದು, ಅದಕ್ಕೆ ಕರೆಂಟು ಬೇಡ. ಆದರೆ ಇದ್ದ ಒಂದೇ ಕಿಟಕಿ ಪಕ್ಕದ ಗೋಡೆಗೆ ಮುಖ ಮಾಡಿತ್ತು, ಹಾಗಾಗಿ ಹಗಲಿಡೀ ಬಲ್ಬು ಉರಿಯಲೇಬೇಕು. ಮನೆ ಯಜಮಾನ್ತಿಗೂ ನಮಗೂ ಮೀಟರು ಒಂದೇ. ಬಿಲ್ಲು ಬಂದಾಗಲೆಲ್ಲ ಅವರ ಮುಖ ಊದಿಕೊಳ್ಳುತ್ತಿತ್ತು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಖಡಾಖಂಡಿತವಾಗಿ ಹೇಳಿಯೇಬಿಟ್ಟರು, ಬಲ್ಬು ಆರಿಸಬೇಕು, ಇಲ್ಲವೇ ಮೆಷಿನ್ ಮಾರಬೇಕು ಎಂದು. ಮೆಷಿನ್ ಮಾರುವುದಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಸ್ವಂತ ಮನೆಯನ್ನೇ ಕೊಳ್ಳೋಣ ಎಂದು ಗಂಡನ ಮುಂದೆ ಹಠ ಹಿಡಿದೆ.

ಬ್ರೋಕರ್ ಮೊದಲು ತೋರಿಸಿದ್ದು ಫಳ್ನೀರಿನ ಹೊಸ ಟೆರೇಸ್ ಮನೆ. ನೋಡಿದ್ದೇ ಗಂಡನ ಮನಸ್ಸು ಸೋತಿತು. ನಾನು ಮಾತ್ರ ಚೀಲದಿಂದ ಸೂಜಿ ದಾರ ತೆಗೆದೆ. ಬಲ್ಬು ಆರಿಸಿ ಪೋಣಿಸಲು ಹೋದರೆ, ಊಹೂಂ, ನಟ್ಟನಡು ಮಧ್ಯಾಹ್ನವೂ ಸೂಜಿಯ ಕಣ್ಣು ಕಾಣುವುದಿಲ್ಲ. ಮೇಲೆ ಕಾದ ಕಾಂಕ್ರೀಟು, ಫ್ಯಾನ್ ಹಾಕಿದರೆ ಬಿಸಿ ಗಾಳಿ. ಸೂಜಿ ಹಿಡಿದು ಮನೆ ನೋಡುವವರನ್ನು ತಾನು ಕಂಡೇ ಇಲ್ಲ ಎಂದು ಬ್ರೋಕರ್ ಗೊಣಗಿದ. ಗೊಣಗಲಿ.

ಕಾವೂರಿನದ್ದು ಹಳೆಯ ಹಂಚಿನ ಮನೆ. ಮಾರುತ್ತಿದ್ದವರು ಒಬ್ಬ ಅಜ್ಜಿ. ಒಳಗೆ ಕಾಲಿಟ್ಟರೆ ಏನು ತಂಪು! ಮಾಡಿನಲ್ಲಿ ಅಲ್ಲಲ್ಲಿ ಗಾಜಿನ ಹಂಚು, ನಡುಕೋಣೆಯ ನೆಲದ ಮೇಲೆ ಬಿಸಿಲಿನ ಚೌಕ. ಅದರ ಪಕ್ಕ ನಿಂತು ಸೂಜಿ ಹಿಡಿದೆ. ಒಂದೇ ಸಲಕ್ಕೆ ದಾರ ಹೋಯಿತು. ಖುಷಿಯಲ್ಲಿ ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಜಗಲಿಯಿಂದ ಗಂಡ ಕೈಸನ್ನೆ ಮಾಡಿದರು. ಗೋಡೆಯ ಮೀಟರಿನೊಳಗೆ ಕೆಂಪು ಗೆರೆಯ ಚಕ್ರ ಅಲ್ಲಾಡುತ್ತಲೇ ಇಲ್ಲ. ಅತ್ತಾವರದಲ್ಲಿ ಅದು ನಿಂತದ್ದನ್ನು ನಾವು ಒಮ್ಮೆಯೂ ಕಂಡವರಲ್ಲ.

"ಮೀಟರ್ ಹಾಳಾಗಿದೆ ಮಾರಾಯ್ತಿ," ಎಂದು ಪಿಸುಗುಟ್ಟಿದರು. "ನಾಳೆ ದಂಡ ನಮ್ಮ ತಲೆಗೆ. ಈ ಮನೆ ಬೇಡ."

ಈ ಮನೆ ತಪ್ಪಿದರೆ ನನ್ನ ಮೆಷಿನ್ ಕತೆ ಮುಗಿದ ಹಾಗೆಯೇ.

ಅಜ್ಜಿಯ ಕಿವಿ ಚುರುಕು. ಒಳಗೆ ಹೋಗಿ ಕರೆಂಟಿನ ಇಸ್ತ್ರಿಪೆಟ್ಟಿಗೆ ತಂದು ಪ್ಲಗ್ಗಿಗೆ ಹಾಕಿದರು. ಚಕ್ರ ಗರಗರನೆ ತಿರುಗಿತು. ತೆಗೆದರು, ನಿಂತಿತು.

"ಹಾಳಾದ್ದಲ್ಲ ಮಗಾ," ಎಂದರು. "ಹಗಲು ಬಲ್ಬು ಹಾಕ್ಲಿಕ್ಕೆ ಇಲ್ಲಿ ಎಂತ ಕತ್ತಲೆ ಉಂಟು?"

ಗಂಡನ ಮುಖ ಆಗ ನೋಡಬೇಕಿತ್ತು. ನಾನಂತೂ ಇನ್ನೊಮ್ಮೆ ತಿರುಗಿಸಿ ತೋರಿಸಿ ಎಂದು ಅಜ್ಜಿಯನ್ನು ಕೇಳಿದೆ, ಚಿಕ್ಕ ಮಗುವಿನ ಹಾಗೆ.

ಒಕ್ಕಲಾದ ಮರುದಿನವೇ ಗಾಜಿನ ಹಂಚಿನ ಕೆಳಗೆ ಮೆಷಿನ್ ಹಾಕಿದೆ. ಕೂರುವ ಮೊದಲು ಮೀಟರಿನ ಕೆಂಪು ಗೆರೆ ಎಲ್ಲಿದೆ ಎಂದು ನೋಡಿಟ್ಟುಕೊಂಡೆ. ಮದುವೆಯ ಸೀಸನ್ನು, ರವಿಕೆಗಳ ರಾಶಿ. ಬೆಳಕು ಇಳಿಯುವವರೆಗೆ ಹೊಲಿದು, ಎದ್ದು ಹೋಗಿ ನೋಡಿದೆ. ಗೆರೆ ಇದ್ದಲ್ಲೇ ಇತ್ತು.